ಖರೀದಿಯ ಕರಾರು ಬದಲಾಗದೆ ಗಾರ್ಮೆಂಟ್ಸ್ ಬದಲಾಗುವುದಿಲ್ಲ

2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರ ಸಂಬಳಕ್ಕೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಇದನ್ನು ಸಂಬಳ ಏರಿಕೆ ಅಂದುಕೊಳ್ಳಬೇಡಿ. ಅಕ್ಕಿ, ಬೇಳೆ, ಬಸ್ ಚಾರ್ಜು ಆಗಲೇ ಏರಿರುತ್ತವಲ್ಲ, ಆ ಏರಿಕೆಯನ್ನು ಬೆಲೆ ಸೂಚ್ಯಂಕದ ಪ್ರಕಾರ ಲೆಕ್ಕ ಹಾಕಿ ಕನಿಷ್ಠ ಕೂಲಿಗೆ ಸೇರಿಸುವ ಮೊತ್ತ ಇದು. ಕೊರೊನಾ ಕಾಲದಲ್ಲಿ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ವಿಷಯ ಕೋರ್ಟಿಗೆ ಹೋಯಿತು. ಬಾಕಿ ಸಮೇತ ಕೊಡಬೇಕು ಎಂದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಜಾಸ್ತಿ ಕೆಲಸಗಾರರು, ಅವರಲ್ಲಿ ಬಹುಪಾಲು ಹೆಂಗಸರು, ಸುಮಾರು ಎರಡು ವರ್ಷ ಈ ಹಣಕ್ಕೆ ಕಾದರು.

ಆ ಕಾರ್ಖಾನೆಗಳಲ್ಲಿ ಹೊಲಿಯುತ್ತಿದ್ದದ್ದು ಯುರೋಪು, ಅಮೆರಿಕದ ಹೆಸರಾಂತ ಬ್ರ್ಯಾಂಡುಗಳ ಬಟ್ಟೆ. ಕೆಲಸಗಾರರನ್ನು, ಪರಿಸರವನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂದು ಹೇಳಿಕೊಳ್ಳುವ ದಪ್ಪ ದಪ್ಪ ಸುಸ್ಥಿರತೆ ವರದಿಯನ್ನು ಪ್ರತಿವರ್ಷ ಹೊರತರುವ ಬ್ರ್ಯಾಂಡುಗಳು ಇವು. ನಮಗೆ ಮಾಲು ಕೊಡುವ ಕಾರ್ಖಾನೆ ಆಯಾ ದೇಶದ ಕೂಲಿ ಕಾನೂನು ಪಾಲಿಸಲೇಬೇಕು ಎಂಬ ಸಾಲು ಇವರೆಲ್ಲರ ನಿಯಮಾವಳಿಯಲ್ಲೂ ಇರುತ್ತದೆ. ಅದನ್ನು ನೋಡಿಕೊಳ್ಳಲು ಆಡಿಟ್‌ನವರೂ ಬರುತ್ತಾರೆ. ಹಾಗಿದ್ದೂ ಒಂದು ರಾಜ್ಯದ ಹೆಚ್ಚುಕಡಿಮೆ ಇಡೀ ಉದ್ಯಮ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುತ್ತಾ ಹೋಯಿತು.

2021ರ ಕೊನೆಯ ಹೊತ್ತಿಗೆ ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆ ಇದನ್ನು ದೊಡ್ಡದಾಗಿ ಎತ್ತಿತು. ವಿದೇಶಿ ಪತ್ರಿಕೆಗಳಲ್ಲಿ ಬ್ರ್ಯಾಂಡುಗಳ ಹೆಸರು ಸಮೇತ ಸುದ್ದಿ ಬಂತು. ಆಮೇಲೆ ಬ್ರ್ಯಾಂಡುಗಳು ತಮಗೆ ಮಾಲು ಕೊಡುವವರನ್ನು ಕೇಳತೊಡಗಿದವು. 2022ರ ಆರಂಭದಲ್ಲಿ ದೊಡ್ಡ ರಫ್ತುದಾರರು ಬಾಕಿ ಕೊಡಲು ಒಪ್ಪಿದರು. ಹೈಕೋರ್ಟಿನ ಮಾತಿಗೆ ಅಲುಗಾಡದ ಹಣ ಬಯರ್ ಮಾತಿಗೆ ಹೊರಗೆ ಬಂತು.

ಕಂಪನಿಗಳ ಸುಸ್ಥಿರತೆಯ ಬಗ್ಗೆ ಮಾತಾಡುವಾಗ ನನಗೆ ಈ ಪ್ರಕರಣವೇ ಮೊದಲು ನೆನಪಾಗುತ್ತದೆ. ಬದಲಾವಣೆ ತರುವ ಶಕ್ತಿ ಬ್ರ್ಯಾಂಡಿನ ಕೈಯಲ್ಲಿ ಮೊದಲಿನಿಂದಲೂ ಇತ್ತು. ಆ ಶಕ್ತಿ ಇದ್ದದ್ದು ಆರ್ಡರ್ ಕೊಡುವ, ಬೆಲೆ ಕಟ್ಟುವ ವಿಭಾಗದಲ್ಲಿ. ವರದಿ ಬರೆಯುತ್ತಿದ್ದ ವಿಭಾಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಂಪನಿ ನಿಜಕ್ಕೂ ಬದಲಾಗಿದೆಯಾ ಎಂದು ತಿಳಿಯಬೇಕಾದರೆ ನೋಡಬೇಕಾದದ್ದು ಅದರ ಖರೀದಿಯ ಕರಾರನ್ನು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಬಟ್ಟೆ ಉದ್ಯಮವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಪೀಣ್ಯ, ಬೊಮ್ಮನಹಳ್ಳಿಯಿಂದ ಹಿಡಿದು ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದವರೆಗೆ ಇದು ನಮ್ಮ ಮನೆಗಳ ಉದ್ಯಮ.

ಆಡಿಟ್ ಏನನ್ನು ನೋಡುತ್ತದೆ

2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಕಬ್ಬಿಣದ ಸರಳು, ಹೊರಗೆ ಹೋಗುವ ಬಾಗಿಲುಗಳಿಗೆ ಬೀಗ. ಬೆಂಕಿ ಬೀಳುವ ಕೆಲವೇ ವಾರ ಮೊದಲು ಅದೇ ಕಾರ್ಖಾನೆಗೆ ಎಸ್‌ಎ 8000 ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ಕೆಲಸಗಾರರ ಸುರಕ್ಷತೆ ಸರಿಯಾಗಿದೆ ಎಂದು ಹೇಳುವ ಪ್ರಮಾಣಪತ್ರ ಅದು.

ಮುಂದಿನ ವರ್ಷ, 2013ರ ಏಪ್ರಿಲ್ 24ರಂದು, ಢಾಕಾ ಬಳಿಯ ಸಾವರ್‌ನಲ್ಲಿ ರಾನಾ ಪ್ಲಾಜಾ ಕುಸಿಯಿತು. 1,100ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಿಂದಿನ ದಿನವೇ ಗೋಡೆ, ಕಂಬಗಳಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಮೇಲಿನ ಮಹಡಿಗಳ ಗಾರ್ಮೆಂಟ್ಸ್‌ನವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆದರು. ಆರ್ಡರ್ ಸಾಗಿಸುವ ದಿನಾಂಕ ತಲೆಯ ಮೇಲೆ ಕೂತಿತ್ತು. ಆ ಕಟ್ಟಡದ ಕೆಲವು ಕಾರ್ಖಾನೆಗಳಲ್ಲೂ ಮೊದಲೇ ಆಡಿಟ್ ಆಗಿತ್ತು.

ಆಡಿಟ್ ಮಾಡುವವರೆಲ್ಲ ಕೆಟ್ಟವರು ಅಂತ ಇದರರ್ಥ ಅಲ್ಲ. ಅದನ್ನು ಕಟ್ಟಿರುವ ರೀತಿಯೇ ಹಾಗಿದೆ. ಹೆಚ್ಚಿನ ಕಡೆ ಆಡಿಟ್‌ನ ಫೀಸು ಕೊಡುವುದು ಕಾರ್ಖಾನೆ. ಬರುವ ದಿನ ಅನೇಕ ಸಲ ಮೊದಲೇ ಗೊತ್ತಿರುತ್ತದೆ. ಬಯರ್ ಬರ್ತಾರೆ ಅಂದರೆ ಸಾಕು, ಶೌಚಾಲಯ ತೊಳೆದಿರುತ್ತದೆ, ನಡೆದಾಡುವ ದಾರಿ ಖಾಲಿ ಇರುತ್ತದೆ, ಏನು ಕೇಳಿದರೆ ಏನು ಹೇಳಬೇಕು ಎಂದು ಲೈನಿನಲ್ಲಿ ಕೂತವರಿಗೆ ಹೇಳಿಕೊಟ್ಟಿರುತ್ತಾರೆ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿರುವಾಗ ಯಾವ ಹೆಣ್ಣುಮಗಳು ತಾನೇ ಬಾಯಿ ಬಿಟ್ಟಾಳು? ಇಷ್ಟಾಗಿಯೂ ತಪ್ಪು ಸಿಕ್ಕರೆ ಅದನ್ನು ಸರಿಪಡಿಸುವ ಖರ್ಚೂ ಕಾರ್ಖಾನೆಯದ್ದೇ. ಬೆಲೆ ಕಟ್ಟಿದ ಬ್ರ್ಯಾಂಡಿನ ಲೆಕ್ಕದಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ರಾನಾ ಪ್ಲಾಜಾ ಆದ ಕೆಲವೇ ವಾರಗಳಲ್ಲಿ ಬೇರೆಯದೇ ರೀತಿಯ ಒಂದು ಕಾಗದ ತಯಾರಾಯಿತು. ಬಾಂಗ್ಲಾದೇಶ ಅಕಾರ್ಡ್ ಎಂಬ ಒಪ್ಪಂದ. ಒಂದು ಕಡೆ ಕಾರ್ಮಿಕ ಸಂಘಟನೆಗಳು, ಇನ್ನೊಂದು ಕಡೆ ಇನ್ನೂರಕ್ಕೂ ಹೆಚ್ಚು ಬ್ರ್ಯಾಂಡುಗಳು. ಇದು ಸ್ವಯಂಪ್ರೇರಿತ ಭರವಸೆ ಆಗಿರಲಿಲ್ಲ, ಕಾನೂನಿನ ಬಲ ಇದ್ದ ಕರಾರು. ಸ್ವತಂತ್ರ ಎಂಜಿನಿಯರುಗಳು ಕಾರ್ಖಾನೆ ನೋಡಿ ವರದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ರಿಪೇರಿ ಮಾಡದ ಕಾರ್ಖಾನೆಯಿಂದ ಯಾವ ಬ್ರ್ಯಾಂಡೂ ಮಾಲು ಕೊಳ್ಳುವಂತಿಲ್ಲ. ರಿಪೇರಿ ಮಾಡುವಷ್ಟು ಹಣ ಕಾರ್ಖಾನೆಗೆ ಹುಟ್ಟುವಂತೆ ಬ್ರ್ಯಾಂಡ್ ವ್ಯವಹಾರ ಮಾಡಬೇಕು. ಮಾತು ತಪ್ಪಿದರೆ ಮಧ್ಯಸ್ಥಿಕೆಗೆ ಎಳೆಯಬಹುದು. ಎಳೆದೂ ಎಳೆದರು. ಹೇಗ್ ನಗರದ ಖಾಯಂ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ನಡೆದ ಪ್ರಕರಣದಲ್ಲಿ ಒಂದು ಬ್ರ್ಯಾಂಡು 150ರಷ್ಟು ಕಾರ್ಖಾನೆಗಳ ದುರಸ್ತಿಗೆ 20 ಲಕ್ಷ ಡಾಲರಿಗೂ ಹೆಚ್ಚು ಕೊಡಲು 2018ರಲ್ಲಿ ಒಪ್ಪಿತು. ಕೆಲವೇ ವರ್ಷಗಳಲ್ಲಿ 1,600ಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ ಬೆಂಕಿ ಬಾಗಿಲು, ವೈರಿಂಗ್, ಕಂಬ ಎಲ್ಲ ಬದಲಾದವು. ಹತ್ತಾರು ವರ್ಷದ ಆಡಿಟ್‌ಗಳು ಮಾಡದ ಕೆಲಸ ಇದು.

ಬೆಲೆಯಿಂದ ಬೈಗುಳದವರೆಗೆ

ಆರ್ಡರ್ ಹೇಗೆ ಕುದುರುತ್ತದೆ ಎಂದು ಸ್ವಲ್ಪ ನೋಡೋಣ. ಒಂದು ಅಂಗಿ ಹೊಲಿಯಲು ಎಷ್ಟು ನಿಮಿಷ ಬೇಕು ಎಂಬ ಲೆಕ್ಕ ಇರುತ್ತದೆ. ಆ ನಿಮಿಷಗಳ ಮೇಲೆ ಕೂಲಿ, ಬಟ್ಟೆ, ದಾರ, ಗುಂಡಿ, ಕರೆಂಟು, ಲಾಭ ಎಲ್ಲ ಸೇರಿಸಿ ಒಂದು ತುಂಡಿಗೆ ಇಷ್ಟು ಎಂದು ಕಾರ್ಖಾನೆ ಹೇಳುತ್ತದೆ. ಬಯರ್ ಚೌಕಾಸಿ ಮಾಡುತ್ತಾರೆ. ಢಾಕಾದಲ್ಲಿ ಇಷ್ಟಕ್ಕೇ ಸಿಗುತ್ತದೆ, ಇಥಿಯೋಪಿಯಾದಲ್ಲಿ ಇನ್ನೂ ಕಡಿಮೆ ಅನ್ನುತ್ತಾರೆ. ಬಟ್ಟೆ, ಗುಂಡಿಯ ಬೆಲೆ ಮಾರುಕಟ್ಟೆಯಲ್ಲಿ ನಿಗದಿಯಾಗಿರುತ್ತದೆ. ಎಷ್ಟೋ ಸಲ ಎಲ್ಲಿಂದ ಕೊಳ್ಳಬೇಕು ಎಂದು ಬಯರೇ ಹೇಳಿರುತ್ತಾರೆ. ಕಡಿಮೆ ಮಾಡಲು ಉಳಿಯುವುದು ಕೂಲಿ ಮತ್ತು ನಿಮಿಷ ಮಾತ್ರ. ಕೂಲಿ ಮೊದಲೇ ಕನಿಷ್ಠದಲ್ಲಿದೆ. ಹಾಗಾಗಿ ನಿಮಿಷಗಳನ್ನು ಹಿಂಡುತ್ತಾರೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಏರುತ್ತದೆ. ಟಾರ್ಗೆಟ್ ಏರಿದರೆ ನೀರು ಕುಡಿಯಲು ಏಳುವ ಹಾಗಿಲ್ಲ, ಶೌಚಾಲಯಕ್ಕೆ ಹೋದರೆ ಪೀಸ್ ಬಾಕಿ ಬೀಳುತ್ತದೆ, ಬಾಕಿ ಬಿದ್ದರೆ ಬೈಗುಳ. ಪ್ಯಾರಿಸ್ಸಿನಲ್ಲೋ ನ್ಯೂಯಾರ್ಕಿನಲ್ಲೋ ಕೂತು ಇಳಿಸಿದ ಕೆಲವು ಸೆಂಟುಗಳು ಬೊಮ್ಮನಹಳ್ಳಿಯ ಲೈನಿನಲ್ಲಿ ಬೈಗುಳವಾಗಿ ಇಳಿಯುತ್ತವೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ನಾನಾ ದೇಶಗಳ ಪೂರೈಕೆದಾರರನ್ನು ಕೇಳಿ 2017ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತ್ತು. ಉತ್ಪಾದನೆಯ ಖರ್ಚೂ ಹುಟ್ಟದ ಬೆಲೆಗೆ ಆರ್ಡರ್ ಒಪ್ಪಿಕೊಂಡಿದ್ದೇವೆ ಎಂದವರು ಶೇ 39ರಷ್ಟಿದ್ದರು. ಇಂಥ ಬೆಲೆ ಕೊಟ್ಟು, ಅದೇ ಕಾರ್ಖಾನೆಗೆ ನಿಯಮಾವಳಿಯ ಪುಸ್ತಕವನ್ನೂ ಕಳಿಸುವುದು ಯಾವ ನ್ಯಾಯ? ಕೊರೊನಾ ಬಂದಾಗಲಂತೂ ಇದು ಕಣ್ಣಿಗೆ ರಾಚುವ ಹಾಗೆ ಕಂಡಿತು. ಬ್ರ್ಯಾಂಡುಗಳು ಹೊಲಿದು ಮುಗಿಸಿದ ಮಾಲನ್ನೂ ಬೇಡ ಎಂದವು. ಬಾಂಗ್ಲಾದೇಶ ಒಂದರಲ್ಲೇ 300 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರುಗಳು ರದ್ದಾದವು ಅಥವಾ ತಡೆಹಿಡಿಯಲ್ಪಟ್ಟವು ಎಂದು ಅಲ್ಲಿನ ತಯಾರಕರ ಸಂಘ ಲೆಕ್ಕ ಕೊಟ್ಟಿತು. ಕೈಮೀರಿದ ಪರಿಸ್ಥಿತಿಯಲ್ಲಿ ಆರ್ಡರ್ ಬಿಡಬಹುದು ಎಂಬ ಕರಾರಿನ ಒಂದು ಸಾಲು ಅವರಿಗೆ ಆ ಅನುಕೂಲ ಮಾಡಿಕೊಟ್ಟಿತ್ತು.

ಎಚ್ ಅಂಡ್ ಎಂ ಕಂಪನಿಯ ಉದಾಹರಣೆ ನೋಡಿ. ತನ್ನ ಮುಖ್ಯ ಕಾರ್ಖಾನೆಗಳ ಸುಮಾರು 8.5 ಲಕ್ಷ ಕೆಲಸಗಾರರಿಗೆ 2018ರೊಳಗೆ ಬದುಕಲು ಸಾಲುವಷ್ಟು ಕೂಲಿ ಸಿಗುವಂತೆ ಮಾಡುತ್ತೇನೆ ಎಂದು 2013ರಲ್ಲಿ ಅದು ಹೇಳಿತ್ತು. ಆ ಗಡುವು ಬಂದು ಹೋಯಿತು, ಕೂಲಿ ಆ ಮಟ್ಟಕ್ಕೆ ಬರಲಿಲ್ಲ ಎಂದು ಕಾರ್ಮಿಕ ಸಂಘಟನೆಗಳು ತೋರಿಸಿಕೊಟ್ಟವು. 2020ರ ಜೂನ್‌ನಲ್ಲಿ, ಇದೇ ಕಂಪನಿಗೆ ಹೊಲಿಯುತ್ತಿದ್ದ ಶ್ರೀರಂಗಪಟ್ಟಣದ ಘಟಕವೊಂದು ಸುಮಾರು 1,200 ಜನರನ್ನು ಒಮ್ಮೆಗೇ ಮನೆಗೆ ಕಳಿಸಿತು. ಅಲ್ಲಿ ಯೂನಿಯನ್ ಗಟ್ಟಿಯಾಗಿತ್ತು. ಹೆಂಗಸರು ವಾರಗಟ್ಟಲೆ ಗೇಟಿನ ಬಳಿ ಕೂತರು. ಎಚ್ ಅಂಡ್ ಎಂ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟದ ನಡುವೆ ಮೊದಲೇ ಒಂದು ಒಪ್ಪಂದ ಇತ್ತು, ಅದರ ಬಲದಿಂದ ಬ್ರ್ಯಾಂಡಿನ ಮೇಲೆ ಒತ್ತಡ ಹಾಕಲು ಸಾಧ್ಯವಾಯಿತು. 2021ರ ಫೆಬ್ರುವರಿಯಲ್ಲಿ ಯೂನಿಯನ್ನನ್ನು ಒಪ್ಪಿಕೊಂಡು, ಮೈಸೂರಿನ ಘಟಕದಲ್ಲಿ ಮರಳಿ ಕೆಲಸ ಕೊಡುವ ಮಾತುಕತೆ ಮುಗಿಯಿತು. ಅಷ್ಟರಲ್ಲಿ ಬಹಳಷ್ಟು ಜನ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗಿಬಿಟ್ಟಿದ್ದರು. ಇದನ್ನು ಪೂರ್ತಿ ಗೆಲುವು ಎನ್ನಲಾರೆ. ಆದರೆ ಇಷ್ಟಾದರೂ ಸಿಕ್ಕಿದ್ದು ಗೇಟಿನ ಬಳಿ ಕೂತವರಿಂದ ಮತ್ತು ಸಹಿ ಇದ್ದ ಒಂದು ಕಾಗದದಿಂದ.

ನಮ್ಮ ಪಕ್ಕದ ತಮಿಳುನಾಡಿನ ದಿಂಡಿಗಲ್‌ನಲ್ಲಿ ಇನ್ನೂ ಗಟ್ಟಿಯಾದ ಕಾಗದ ಸಿಕ್ಕಿದೆ. ಅಲ್ಲಿನ ಕಾರ್ಖಾನೆಯೊಂದರ ದಲಿತ ಯುವತಿಯನ್ನು ಅವಳ ಮೇಲ್ವಿಚಾರಕನೇ 2021ರ ಜನವರಿಯಲ್ಲಿ ಕೊಂದ. ತಮಿಳುನಾಡಿನ ಹೆಂಗಸರೇ ನಡೆಸುವ ಯೂನಿಯನ್, ಏಷ್ಯಾದ ಕಾರ್ಮಿಕ ಸಂಘಟನೆಗಳ ಕೂಟವಾದ ಏಷ್ಯಾ ಫ್ಲೋರ್ ವೇಜ್ ಅಲಯನ್ಸ್, ಅಮೆರಿಕದ ಒಂದು ಕಾರ್ಮಿಕ ಸಂಸ್ಥೆ, ಕಾರ್ಖಾನೆಯ ಒಡೆತನದ ಕಂಪನಿ ಸೇರಿ 2022ರ ಏಪ್ರಿಲ್‌ನಲ್ಲಿ ದಿಂಡಿಗಲ್ ಒಪ್ಪಂದ ಮಾಡಿಕೊಂಡವು. ಎಚ್ ಅಂಡ್ ಎಂ ಸಹಿ ಹಾಕಿತು, ಆಮೇಲೆ ಅಮೆರಿಕದ ಬಟ್ಟೆ ಕಂಪನಿಗಳಾದ ಗ್ಯಾಪ್, ಪಿವಿಎಚ್ ಸೇರಿದವು. ಕೆಲಸಗಾರರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಪ್ರತಿ ಲೈನಿನ ಮೇಲೆ ಕಣ್ಣಿಡುವ ಹೊಣೆ ಕೊಡುತ್ತಾರೆ. ದೂರು ಕೇಳಲು ಕಾರ್ಖಾನೆಯ ಹಿಡಿತದಲ್ಲಿಲ್ಲದ ವ್ಯವಸ್ಥೆ ಇದೆ. ಮುಖ್ಯವಾದ ಮಾತು ಏನೆಂದರೆ, ಕಾರ್ಖಾನೆ ಒಪ್ಪಂದ ಮುರಿದರೆ ಬ್ರ್ಯಾಂಡುಗಳು ವ್ಯಾಪಾರದ ಮೂಲಕವೇ ಅದಕ್ಕೆ ಬಿಸಿ ಮುಟ್ಟಿಸಬೇಕು. ಸೂಪರ್‌ವೈಸರ್ ಬೈದರೆ ಆರ್ಡರ್ ಹೋಗಬಹುದು ಎಂದಾದಾಗ ಮ್ಯಾನೇಜರಿಗೆ ಸೂಪರ್‌ವೈಸರನ್ನು ತಿದ್ದುವ ಕಾರಣ ಹುಟ್ಟುತ್ತದೆ. ಇಂಥ ಒಂದು ಒಪ್ಪಂದ ಬೆಂಗಳೂರಿಗೆ ಯಾಕೆ ಬಂದಿಲ್ಲ ಎಂದು ನಾವು ಕೇಳಲೇಬೇಕು.

ನೀರು, ಬಾಯ್ಲರ್, ಬಾಟಲಿ

ಪರಿಸರದ ಕಥೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ಬನಿಯನ್ನಿಗೆ ಹೆಸರಾದ ತಮಿಳುನಾಡಿನ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕಿದ ನೀರು ನೊಯ್ಯಲ್ ನದಿಗೆ ಹರಿಯುತ್ತಿತ್ತು. ಕೆಳಗಿನ ಒರತ್ತುಪಾಳ್ಯಂ ಅಣೆಕಟ್ಟು ರೈತರ ಹೊಲಕ್ಕೆಂದು ಕಟ್ಟಿದ್ದು, ಬಣ್ಣದ ಕೊಳಕು ತುಂಬುವ ಹೊಂಡವಾಯಿತು. ರೈತರು ವರ್ಷಾನುಗಟ್ಟಲೆ ಕೋರ್ಟಿಗೆ ಅಲೆದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಒಂದು ಹನಿ ಕೊಳಕು ನೀರೂ ಹೊರಗೆ ಬಿಡದ ವ್ಯವಸ್ಥೆ ಮಾಡಿದರೆ ಮಾತ್ರ ಬಾಗಿಲು ತೆರೆಯಬಹುದು ಎಂದಾಯಿತು. ಸಾಲ ತಂದು, ಸರ್ಕಾರದಿಂದ ಬಡ್ಡಿಯಿಲ್ಲದ ನೆರವು ಪಡೆದು ಘಟಕಗಳು ಅದನ್ನು ಮಾಡಿದವು. ಬಳಸಿದ ನೀರಿನ ಬಹುಭಾಗ ಈಗ ಮತ್ತೆ ಬಣ್ಣದ ತೊಟ್ಟಿಗೇ ಹೋಗುತ್ತದೆ. ಇಂದು ತಿರುಪ್ಪೂರು ಇದನ್ನು ಹೆಮ್ಮೆಯಿಂದ ತೋರಿಸುತ್ತದೆ, ತೋರಿಸಬೇಕಾದದ್ದೇ. ಆದರೆ ಈ ಬದಲಾವಣೆಯ ಬೆಲೆ ತೆತ್ತವರು ಯಾರು? ರೈತರು, ಬಣ್ಣದ ಘಟಕಗಳು, ಕೆಲಸ ಕಳೆದುಕೊಂಡವರು. ಹತ್ತಾರು ವರ್ಷ ಅಲ್ಲಿಂದ ಅಗ್ಗದ ಬನಿಯನ್ನು ಕೊಂಡವರ ಪಾಲು ಆ ಲೆಕ್ಕದಲ್ಲಿ ಸಿಗುವುದಿಲ್ಲ.

ಹವಾಮಾನದ ವಿಷಯದಲ್ಲೂ ಹಾಗೇ. ಬ್ರ್ಯಾಂಡಿನ ಇಂಗಾಲದ ಬಹುಪಾಲು ಅದರ ಆಫೀಸಿನಲ್ಲಾಗಲಿ ಅಂಗಡಿಯಲ್ಲಾಗಲಿ ಹುಟ್ಟುವುದಿಲ್ಲ. ನೂಲುವ, ನೇಯುವ, ಬಣ್ಣ ಹಾಕುವ ಮಿಲ್ಲುಗಳಲ್ಲಿ ಹುಟ್ಟುತ್ತದೆ. ಆಫೀಸಿಗೆ ಸೋಲಾರ್ ಹಾಕಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಮಿಲ್ಲಿನ ಕಲ್ಲಿದ್ದಲು ಬಾಯ್ಲರ್ ಉರಿಯುತ್ತಲೇ ಇರುತ್ತದೆ. ಬಾಯ್ಲರ್ ಬದಲಿಸಲು ಮಿಲ್ಲಿನವರು ಬ್ಯಾಂಕಿನಲ್ಲಿ ಹಲವು ವರ್ಷದ ಸಾಲ ತೆಗೆಯಬೇಕು. ಆರ್ಡರ್ ಇರುವುದು ಒಂದು ಸೀಸನ್ನಿಗೆ. ಮುಂದಿನ ಸೀಸನ್ನಿನಲ್ಲಿ ಬಯರ್ ಇರುತ್ತಾರೋ ಇಲ್ಲವೋ ಗೊತ್ತಿಲ್ಲದ ಮಿಲ್ಲಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಇಂಗಾಲ ಇಳಿಸಲು 2040, 2050ರ ಗುರಿ ಘೋಷಿಸುವ ಕಂಪನಿ ಮೂರು ವರ್ಷದ ಆರ್ಡರ್ ಬರೆದುಕೊಡಲಿ, ಆಗ ನಂಬೋಣ.

ಬಾಟಲಿಯಿಂದ ಮಾಡಿದ ಅಂಗಿಯ ಬಗ್ಗೆ ಒಂದು ಮಾತು. ಮರುಬಳಕೆಯ ಪಾಲಿಯೆಸ್ಟರ್ ಎಂದು ಮಾರುವುದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನೀರಿನ ಬಾಟಲಿಯಿಂದ ಬಂದದ್ದು, ಹಳೇ ಬಟ್ಟೆಯಿಂದ ಅಲ್ಲ. ಬಾಟಲಿಯಾಗಿದ್ದರೆ ಮತ್ತೆ ಬಾಟಲಿ ಆಗಬಹುದಿತ್ತು. ಅಂಗಿಯಾದ ಮೇಲೆ ಅದು ಸಾಮಾನ್ಯವಾಗಿ ಕಸದ ಗುಡ್ಡಕ್ಕೇ ಹೋಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಜಗತ್ತಿನ ಬಟ್ಟೆಯ ನಾರಿನ ಉತ್ಪಾದನೆ 2000ದಿಂದ ಈಚೆಗೆ ದುಪ್ಪಟ್ಟಾಗಿದೆ. 2023ರಲ್ಲಿ ಅದು ಸುಮಾರು 12.4 ಕೋಟಿ ಟನ್. ಒಂದೊಂದು ಅಂಗಿಯ ನೀರು, ಇಂಗಾಲ ಸ್ವಲ್ಪ ಇಳಿದರೂ ಅಂಗಿಗಳ ಸಂಖ್ಯೆ ಏರುತ್ತಲೇ ಹೋದರೆ ನದಿಗೆ ಏನು ಲಾಭ? ಒಟ್ಟು ಎಷ್ಟು ತುಂಡು ಮಾರಿದಿರಿ ಎಂಬ ಸಂಖ್ಯೆ ಬಹಳಷ್ಟು ವರದಿಗಳಲ್ಲಿ ಸಿಗುವುದೇ ಇಲ್ಲ.

ಕಾನೂನು ಎಲ್ಲಿಗೆ ಬಂದಿದೆ

ನಮ್ಮ ದೇಶದಲ್ಲಿ ಎರಡು ಬೆಳವಣಿಗೆಗಳಿವೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಸಿರು ಹೆಸರಿನ ಸುಳ್ಳು ಜಾಹೀರಾತಿನ ವಿರುದ್ಧ ಮಾರ್ಗಸೂಚಿ ತಂದಿತು. ಪರಿಸರಸ್ನೇಹಿ, ನೈಸರ್ಗಿಕ ಎಂದು ಸುಮ್ನೆ ಬರೆಯುವಂತಿಲ್ಲ, ಆಧಾರ ಕೊಡಬೇಕು. ಮುಂದೆ ಹೀಗೆ ಮಾಡುತ್ತೇವೆ ಎಂದು ಹೇಳಿಕೊಂಡರೆ ಹೇಗೆ ಮಾಡುತ್ತೀರಿ ಎಂಬ ಯೋಜನೆಯೂ ಇರಬೇಕು. ಒಳ್ಳೆಯ ನಿಯಮ. ಆದರೆ ಇದು ಮಾತಿನ ಮೇಲಿನ ನಿಯಮ, ಕೆಲಸದ ಮೇಲಿನದ್ದಲ್ಲ.

ಇನ್ನೊಂದು, ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ಬಿಆರ್‌ಎಸ್‌ಆರ್, ಅಂದರೆ ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. ಷೇರು ಮಾರುಕಟ್ಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಈ ವರದಿ ಕೊಡಲೇಬೇಕು. ನೀರು, ಕರೆಂಟು, ಕಸ, ಎಷ್ಟು ಜನರಿಗೆ ಕನಿಷ್ಠ ಕೂಲಿಗಿಂತ ಜಾಸ್ತಿ ಕೊಡುತ್ತೀರಿ, ಲೈಂಗಿಕ ಕಿರುಕುಳದ ದೂರು ಎಷ್ಟು ಎಂದೆಲ್ಲ ಕೇಳುತ್ತದೆ. ನಿಜಕ್ಕೂ ಕೆಲಸಕ್ಕೆ ಬರುವ ಪ್ರಶ್ನೆಗಳು. 2023ರಲ್ಲಿ ಸೆಬಿ ಇನ್ನೂ ಒಂದು ಹೆಜ್ಜೆ ಇಟ್ಟಿತು. ಮೊದಲ 250 ಕಂಪನಿಗಳು ತಮಗೆ ಮಾಲು ಕೊಡುವವರ ಲೆಕ್ಕವನ್ನೂ ಕೊಡಬೇಕು, ಇಲ್ಲವಾದರೆ ಕಾರಣ ಹೇಳಬೇಕು ಎಂದಿತು. ನಾನು ಹೇಳುತ್ತಿರುವ ಖರೀದಿಯ ಕರಾರಿಗೆ ತೀರಾ ಹತ್ತಿರ ಬರುವ ನಿಯಮ ಅದೇ. ಉದ್ಯಮದವರು ಕಷ್ಟ ಎಂದರು. 2025ರ ಮಾರ್ಚ್‌ನಲ್ಲಿ ಸೆಬಿ ಅದನ್ನು ಒಂದು ವರ್ಷ ಮುಂದೂಡಿ, ಇಷ್ಟವಿದ್ದವರು ಕೊಡಬಹುದು ಎಂದು ಬದಲಿಸಿತು. ಇದು ತಪ್ಪು ನಿರ್ಧಾರ ಎಂಬುದು ನನ್ನ ಅಭಿಪ್ರಾಯ. ಇಷ್ಟವಿದ್ದವರು ಕೊಡುವ ಲೆಕ್ಕದಲ್ಲಿ ಕಷ್ಟದ ಸಂಖ್ಯೆಗಳು ಬರುವುದಿಲ್ಲ.

ಲೆಕ್ಕ ಕೇಳಿದ ಮಾತ್ರಕ್ಕೆ ಸಾಲದು, ಅದನ್ನು ಪರೀಕ್ಷಿಸುವವರೂ ಬೇಕು ಎಂಬುದಕ್ಕೆ ಪ್ಲಾಸ್ಟಿಕ್ ಸಾಕ್ಷಿ. ಕಂಪನಿಗಳು ಮಾರಿದಷ್ಟು ಪ್ಲಾಸ್ಟಿಕ್ಕಿಗೆ ಮರುಬಳಕೆಯ ಪ್ರಮಾಣಪತ್ರ ಕೊಳ್ಳಬೇಕು ಎಂಬ ವ್ಯವಸ್ಥೆ 2022ರಲ್ಲಿ ಬಂತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮರುವರ್ಷ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ನಾಲ್ಕು ಘಟಕಗಳನ್ನು ಪರೀಕ್ಷಿಸಿದಾಗ ಸುಮಾರು ಆರು ಲಕ್ಷ ಪ್ರಮಾಣಪತ್ರ ನಕಲಿ ಎಂದು ಗೊತ್ತಾಯಿತು.

ಯುರೋಪ್ ಇನ್ನೂ ಮುಂದೆ ಹೋಗಿತ್ತು. ಮಾಲು ಕೊಡುವ ಕಾರ್ಖಾನೆಗಳಲ್ಲಿ ಕೆಲಸಗಾರರ ಹಕ್ಕಿಗೆ ಧಕ್ಕೆಯಾಗದಂತೆ ಕಂಪನಿ ನೋಡಿಕೊಳ್ಳಬೇಕು ಎನ್ನುವ ಜರ್ಮನಿಯ ಪೂರೈಕೆ ಸರಪಳಿ ಕಾನೂನು 2023ರ ಜನವರಿಯಿಂದ ಜಾರಿಗೆ ಬಂತು. 2024ರಲ್ಲಿ ಇಡೀ ಯುರೋಪ್ ಒಕ್ಕೂಟಕ್ಕೆ ಅಂಥದ್ದೇ ಕಾನೂನು ಒಪ್ಪಿದರು. ಮರುವರ್ಷವೇ ಅದನ್ನು ಮುಂದೂಡಿ, ಸಡಿಲಿಸುವ ಕೆಲಸ ಶುರುವಾಯಿತು. ಅಲ್ಲಿನ ಕಂಪನಿಗಳು ಕಾಗದಪತ್ರದ ಹೊರೆ ಜಾಸ್ತಿ ಎಂದವು. ಹೊರೆ ಇರುವುದು ನಿಜ. ಆ ಹೊರೆಯ ಬಹುಭಾಗವನ್ನು ಅವು ನಮ್ಮ ಕಾರ್ಖಾನೆಗಳ ಮೇಲೆ ಪ್ರಶ್ನಾವಳಿಗಳ ರೂಪದಲ್ಲಿ ದಾಟಿಸುತ್ತಿದ್ದವು ಎಂಬುದೂ ನಿಜ. ಒಬ್ಬ ರಫ್ತುದಾರ ಬಯರಿಗೊಂದು ಆಡಿಟ್, ಬಯರಿಗೊಂದು ಅರ್ಜಿ ತುಂಬುತ್ತಾ ಕೂರಬೇಕು, ಬೆಲೆ ಮಾತ್ರ ಹೋದ ವರ್ಷದ್ದೇ. ಕಾನೂನು ಬೇಡ ಎನ್ನಲು ಇದು ಕಾರಣವಾಗಬಾರದು. ಕಾನೂನು ಬೆಲೆಯನ್ನೂ ಒಳಗೆ ತರಬೇಕು ಎನ್ನಲು ಕಾರಣವಾಗಬೇಕು.

ಬೆಲೆಯನ್ನು ಒಳಗೆ ತರುವುದು ಕೈಲಾಗದ ಮಾತೇನಲ್ಲ. ಕೂಲಿಯ ಮೊತ್ತವನ್ನು ತುಂಡಿನ ಬೆಲೆಯಲ್ಲಿ ಬೇರೆಯಾಗಿ ತೋರಿಸಿ ಅದರ ಮೇಲೆ ಚೌಕಾಸಿ ಮಾಡಬಾರದು ಎಂಬ ಪದ್ಧತಿಯನ್ನು ಕೆಲವು ಬ್ರ್ಯಾಂಡುಗಳು ತಾತ್ವಿಕವಾಗಿ ಒಪ್ಪಿವೆ. ಕನಿಷ್ಠ ಕೂಲಿ ಏರಿದ ತಿಂಗಳಿಂದಲೇ ಆರ್ಡರಿನ ಬೆಲೆ ಏರಬೇಕು ಎಂದು ಕರಾರಿನಲ್ಲಿ ಬರೆಯಬಹುದು. ಹೊಲಿದ ಮಾಲನ್ನು ರದ್ದು ಮಾಡುವಂತಿಲ್ಲ ಎಂದೂ ಬರೆಯಬಹುದು. ಕ್ಯಾಲಿಫೋರ್ನಿಯಾ 2021ರಲ್ಲಿ ಮಾಡಿದ ಕಾನೂನಿನಲ್ಲಿ ಕಾರ್ಖಾನೆ ಕೂಲಿ ಕದ್ದರೆ ಅದಕ್ಕೆ ಹೊಲಿಸಿದ ಬ್ರ್ಯಾಂಡೂ ಹೊಣೆ. ನಮ್ಮಲ್ಲಿ ಹೊಲಿಸುವ ಬ್ರ್ಯಾಂಡಿಗೆ ಇಲ್ಲಿ ಆಫೀಸಿದೆ, ಅಂಗಡಿಯೂ ಇದೆ. ಅದರ ಮೇಲೆ ಹೊಣೆ ಹೊರಿಸುವ ಕಾನೂನು ಮಾತ್ರ ಇಲ್ಲ.

ರಾಜ್ಯ ಸರ್ಕಾರದ ಮುಂದೆ ಈಗ ಒಂದು ಅವಕಾಶ ಇದೆ. 2025ರ ಬಜೆಟ್ಟಿನಲ್ಲಿ 2025-30ರ ಜವಳಿ ನೀತಿ ಘೋಷಿಸಿ ಎರಡು ಲಕ್ಷ ಉದ್ಯೋಗದ ಮಾತು ಹೇಳಿದೆ. ಭಾರತ ಮತ್ತು ಬ್ರಿಟನ್ 2025ರ ಜುಲೈ 24ರಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿವೆ, ಅದರಂತೆ ನಮ್ಮ ಬಟ್ಟೆಗೆ ಅಲ್ಲಿ ಸುಂಕ ಬೀಳುವುದಿಲ್ಲ. ಉಳಿಯುವ ಆ ಹಣವನ್ನು ಬೆಲೆ ಇಳಿಸಿ ಎಂದು ಬಯರ್ ಕೇಳುವುದು ಖಂಡಿತ. ಸರ್ಕಾರ ಜಮೀನು, ಕರೆಂಟು, ಬಡ್ಡಿಗೆ ಸಬ್ಸಿಡಿ ಕೊಡುವ ಮೊದಲೇ ಷರತ್ತು ಹಾಕಬೇಕು. ತುಟ್ಟಿಭತ್ಯೆ ಬಾಕಿ ಇಲ್ಲ ಎಂಬುದಕ್ಕೆ ಕಾರ್ಮಿಕ ಇಲಾಖೆಯ ಪತ್ರ, ಯಾವ ಬ್ರ್ಯಾಂಡಿಗೆ ಹೊಲಿಯುತ್ತೀರಿ ಎಂಬ ಬಹಿರಂಗ ಪಟ್ಟಿ, ಯೂನಿಯನ್ ಜೊತೆ ಮಾತುಕತೆ ನಡೆಸಿದ ದಾಖಲೆ, ಈ ಮೂರನ್ನು ಅರ್ಜಿಯ ಜೊತೆ ಲಗತ್ತಿಸಬೇಕು. ಲಗತ್ತಿಸದ ಅರ್ಜಿಯನ್ನು ವಾಪಸ್ ಕಳಿಸಬೇಕು.